ಎರಡು ಕಾಲಮ್ಮಿನ ಗುಡ್ಡ

– ಇದೇನವಾ, ಊಟದ ಟೇಬಲ್ ಮ್ಯಾಲ ಇಷ್ಟು ಕಲ್ಲು! ನಾ ತಾಟು ಎಲ್ಲಿ ಇಡ್ಲಿ?

– ಸ್ವಲ್ಪ ತಡೀರಿ ಮಾಮಾ, ಸರಸ್ತೀನಿ. ಹಾಳಿ ಮ್ಯಾಲ ಮಾತ್ರ ತಾಟು ಇಡಬ್ಯಾಡ್ರಿ, ಅವು ನಮ್ಮ ಹುಡುಗ್ರವು. ಶುಕ್ರವಾರ ನಾಕನೇ ಇಯತ್ತೆಯವ್ರನ್ನ ಗುಡ್ಡಕ್ಕ ಕರ್ಕೊಂಡು ಹೋಗಿದ್ದೆ. 23 ಹುಡುಗ್ರು, 23 ಹಾಳಿ. ಒಬ್ಬೊಬ್ರು ಒಂದೊಂದೇ ಕಲ್ಲು ತರಬೇಕು ಅಂತ ಹೇಳಿದ್ದೆ. ಎಣಿಸಿದ್ರ 41 ಆಗ್ಯಾವ.

– ಕಡಿಮೀನೇ ತಂದಾರ. ನಾ ಭೂವಿಜ್ಞಾನ ಇಲಾಖೆಗೆ ಸೇರಿದ ಹೊಸತಾಗಿ ಫೀಲ್ಡಿಗೆ ಹೋದ್ರ ಜೀಪಿನ ಪಾಟಾ ಕುಂದ್ರತಿದ್ದವು. ಯಾವ ಗುಡ್ಡ?

– ಇಲ್ಲೇ ಪುಣೆದ ವೇತಾಳ ಟೇಕಡಿ. ಸಾಲಿಯಿಂದ ನಡಕೋತ ಹೋಗೂವಷ್ಟೇ ದೂರ.

– ನಡಕೋತ? ಸಾಲಿ ಟ್ರಿಪ್ ಅಂದ್ರ ಬಸ್ ಬೇಕು, ಬಸ್ಸಿನ್ಯಾಗ ಅಂತ್ಯಾಕ್ಷರಿ ಬೇಕು, ಒಬ್ಬರೆ ವಾಂತಿ ಮಾಡ್ಕೋಬೇಕು.

– ಅದಕ್ಕೇ ಜಗಳ ಆಯ್ತು. ‘ಸಹಲ್’ ಅಂದ ಕೂಡಲೆ ಪಾಲಕರ ತಲ್ಯಾಗ ವಾಟರ್ ಪಾರ್ಕ್ ಬರ್ತದ. ನಾ ಹೇಳಿದ್ದು ಕ್ಷೇತ್ರ ಭೇಟಿ. ಜೋಡಿ ಟೀಚರ್ ಒಬ್ರು ನಿಘೋಜಕ್ಕ ಹೋಗೂಣು ಅಂದ್ರು. ಕುಕಡಿ ಹೊಳಿ ಕಲ್ಲಿನ ತಳದಾಗ ಗುಂಡಿ ಕೊರದದಲ್ಲ, ಅಲ್ಲಿ. ನನಗೂ ಆಸೆ ಇತ್ತು. ಬಸ್ಸಿನ ಬಾಡಿಗಿ ಕೇಳಿ ಇಬ್ರೂ ಸುಮ್ಮನ ಕುಂತ್ವಿ. ನಮ್ಮ ಹುಡುಗ್ರ ಅಪ್ಪ-ಅವ್ವ ಭಾಳ ಮಂದಿ ಬಿಲ್ಡಿಂಗ್ ಕೆಲಸದವ್ರು. ಸಿಂದಗಿ, ಇಂಡಿ, ಅಫಜಲಪುರ, ಯಾದಗಿರಿ ಕಡೆಯಿಂದ ಬಂದವ್ರು. ತಲಾ 500 ರೂಪಾಯಿ ಕೇಳಿದ್ರ ಅರ್ಧ ವರ್ಗ ಅವತ್ತು ‘ಜ್ವರ’ ಅಂತ ಮನ್ಯಾಗ ಉಳೀತದ. ಗುಡ್ಡಕ್ಕ ಬಿಸ್ಕಿಟು, ಪೇರಲಹಣ್ಣು, ನೀರಿನ ಬಾಟ್ಲಿ ಸಾಕು.

– ನಿಘೋಜ ನಾ ನೋಡೀನಿ. ಅವಕ್ಕ ರಾಂಜಣಖಳಗೆ ಅಂತಾರ. ಇಲ್ಲಿಯವ್ರ ರಾಂಜಣ ಅಂದ್ರ ನಮ್ಮ ಅವ್ವ ಅಡಿಗಿಮನ್ಯಾಗ ಹುಗದು ನೀರು ತುಂಬತಿದ್ದ ರಂಜಣಿಗಿನೇ. ಹೊಳ್ಯಾಗ ಸುಳಿ ಏಳ್ತದ, ಸುಳ್ಯಾಗ ಉಂಡಿಗಲ್ಲು ಸಿಗತಾವ, ಗರಗರ ತಿರುಗಿ ತಳ ಕೊರೀತಾವ. ಹೊಳಿಗೆ ಬ್ಯಾರೆ ಉಳಿ ಬೇಕಾಗಿಲ್ಲ, ಕಲ್ಲಿಂದ್ಲೇ ಕಲ್ಲು ಕಡೀತದ. ಮುಂದ ಯಾವಾಗರೆ ತೋರಿಸು. ಆದ್ರ ಮೊದಲು ಗುಡ್ಡಕ್ಕ ಹೋಗಿದ್ದು ಛಲೋ ಆಯ್ತು.

– ಇನ್ನೊಂದು ಕೇಳ್ರಿ. ಈ 23 ಹುಡುಗ್ರಾಗ 14 ಮಂದಿ ಆ ಗುಡ್ಡ ಹತ್ತೇ ಇರಲಿಲ್ಲ. ದಿನಾ ಅದರ ಬುಡದಾಗೇ ಆಡ್ತಾವ. ಪತ್ರಾಸಿನ ಮನಿ ಹಿಂದ ಗುಡ್ಡ ಎದ್ದು ನಿಂತದ, ಅವಕ್ಕ ಅದು ಗ್ವಾಡಿ ಇದ್ದಂಗ. ಬೆಳಗ್ಗೆ ಸ್ವೆಟರ್ ಹಾಕ್ಕೊಂಡು ವಾಕಿಂಗ್ ಹೋಗೂ ಮಂದಿದು ಗುಡ್ಡ ಅಂತ ಅವು ತಿಳ್ಕೊಂಡಿದ್ದವು.

– ಹಂ. ಎಲ್ಲಿಂದ ಹತ್ತಿದ್ರಿ?

– ಗೋಖಲೆನಗರದ ಕಡೆಯಿಂದ. ದಾರ್‍ಯಾಗ ಸೇನಾಪತಿ ಬಾಪಟ್ ರಸ್ತೆ ಮ್ಯಾಲ ಬಾಲಭಾರತಿ ಆಫೀಸು ತೋರಿಸಿದೆ. ‘ನೋಡ್ರಿ, ನಿಮ್ಮ ಪುಸ್ತಕ ತಯಾರಾಗೂದು ಇಲ್ಲೇ’ ಅಂದೆ. ನಂಬಲಿಲ್ಲ. ಕನ್ನಡ ಪುಸ್ತಕ ಬೆಂಗಳೂರಿಂದ ಬರ್ತದ ಅಂತ ಅವ್ರ ಲೆಕ್ಕ.

– ಅವ್ರದೇನು, ನನ್ನದೂ ಅದೇ ಲೆಕ್ಕ ಇತ್ತು.

– ಮಹಾರಾಷ್ಟ್ರದ ಕನ್ನಡ ಸಾಲಿಗಳಿಗೆಲ್ಲ ಬಾಲಭಾರತಿ ಪುಸ್ತಕನೇ ಮಾಮಾ. ಜತ್ತಿಗೂ ಅದೇ, ಅಕ್ಕಲಕೋಟಿಗೂ ಅದೇ. 1967 ರಿಂದ ಮರಾಠಿ, ಉರ್ದು, ಕನ್ನಡ ಹೀಂಗ ಹಲವು ಭಾಷಾದಾಗ ತಗೀತಾರ. ನನಗ ನಗು ಬಂದದ್ದು ಯಾಕ ಅಂದ್ರ, ಪುಸ್ತಕದಾಗಿನ ಗುಡ್ಡದ ಚಿತ್ರ ಮುಕ್ಕೋನ. ಸಮೋಸಾ ಇದ್ದಂಗ. ಮ್ಯಾಲ ಚೂಪು, ನಡುವ ಸೂರ್ಯ. ಆ ಕಟ್ಟಡದ ಹಿಂದಿನ ಖಿಡಕಿ ತಗದ್ರ ಕಾಣೂ ಗುಡ್ಡಕ್ಕ ಚೂಪೇ ಇಲ್ಲ. ತಲಿ ಸಪಾಟ.

– ಚಿತ್ರ ಬರದವ್ರು ಖಿಡಕಿ ತಗದಿಲ್ಲ.

– ಅಫಜಲಪುರದ ಹುಡುಗ ಒಬ್ಬ ಇದ್ದಾನ, ಮಾತು ಕಡಿಮಿ. ಹಾಳ್ಯಾಗ ಗುಡ್ಡ ಬರದಾನ: ಕೆಳಗ ಅಗಲ, ಮ್ಯಾಲ ಸ್ವಲ್ಪ ಸಣ್ಣದು, ತುದೀಗೆ ಸ್ಕೇಲ್ ಇಟ್ಟು ಎಳದ ಗೆರಿ. ಬಾಜೂ ವರ್ಗದ ಟೀಚರ್ ನೋಡಿ, ‘ಇದು ಗುಡ್ಡಲ್ಲ, ಸ್ಟೂಲ್ ಬರದೀದಿ’ ಅಂದ್ರಂತ.

– ಅವನಿಗೆ ಪೂರ್ತಿ ಮಾರ್ಕ್ಸ್ ಕೊಡು. ಈ ನಾಡಿನ ಗುಡ್ಡ ಸ್ಟೂಲೇ. ಟೇಬಲ್, ಸ್ಟೂಲ್, ಮೆಟ್ಲ. ‘ಡೆಕ್ಕನ್ ಟ್ರ್ಯಾಪ್’ ಅಂತೀವಲ್ಲ, ಆ ಟ್ರ್ಯಾಪ್ ಅನ್ನೂ ಮಾತಿನ ಮೂಲ ಸ್ವೀಡಿಶ್ ಭಾಷಾದ ಮೆಟ್ಲ. ಪಶ್ಚಿಮಘಟ್ಟದ ಮಗ್ಗಲು ದೂರಿಂದ ನೋಡಿದ್ರ ಗುಡಿ ಪಾವಟಿಗಿ ಇದ್ದಂಗ ಕಾಣ್ತದ. ಒಂದೊಂದು ಪಾವಟಿಗಿನೂ ಒಂದೊಂದು ಸಲ ಹರದು ಬಂದ ಲಾವಾ.

– ಅಲ್ಲೇ ನಾ ಸಿಕ್ಕೊಂಡೆ ಮಾಮಾ. ‘ಇದು ಜ್ವಾಲಾಮುಖಿ ಕಲ್ಲು’ ಅಂದೆ. ಒಬ್ಬಾಕಿ ಕೈ ಎತ್ತಿದಳು. ‘ಟೀಚರ್, ಮತ್ತ ಅದರ ಬಾಯಿ ಎಲ್ಲದ?’ ಎಲ್ಲಾ ಹುಡುಗ್ರು ಬಾಯಿ ಹುಡಕಾಕ ನಿಂತವು. ಒಂದು ಹಾವಿನ ಹುತ್ತ ಸಿಕ್ತು, ಅದೇ ಬಾಯಿ ಅಂದ್ರು.

– ಏನು ಉತ್ತರ ಕೊಟ್ಟಿ?

– ‘ಮನಿಗೆ ಹೋಗಿ ಮಾಮಾನ ಕೇಳಿ ಹೇಳ್ತೀನಿ’ ಅಂದೆ.

– ಹಂಗಾರ ಹೇಳು: ಬಾಯಿ ಇರಲಿಲ್ಲ, ಬಿರುಕು ಇತ್ತು. ಬ್ಯಾಸಗ್ಯಾಗ ನಮ್ಮ ಎರಿ ಹೊಲ ಬಿರಿತದಲ್ಲ, ಕಾಲು ಸಿಕ್ಕೊಳ್ಳೂವಂಗ, ಹಂಗ ನೆಲ ಉದ್ದೋಉದ್ದ ಸೀಳ್ತು. ಆ ಸೀಳಿನ್ಯಾಗಿಂದ ಲಾವಾ ಉಕ್ಕಿ ಹರೀತು. ಚಿತ್ರದಾಗ ತೋರಿಸಿದಂಗ ಆಕಾಶಕ್ಕ ಹಾರಿದ್ದು ಕಡಿಮಿ, ತೆಳ್ಳಗ ಹರದು ಪಸರಿಸಿದ್ದೇ ಹೆಚ್ಚು. ಸುಮಾರು 6.6 ಕೋಟಿ ವರ್ಷದ ಹಿಂದಿನ ಮಾತು. ಬಹುಪಾಲು ಲಾವಾ ಹತ್ತು ಲಕ್ಷ ವರ್ಷದೊಳಗೇ ಬಂದು ಮುಗೀತು ಅಂತ ಈಗಿನ ಕಾಲನಿರ್ಣಯ ಹೇಳ್ತಾವ. ಅದಕ್ಕ ಬಾಯಿ ಹುಡುಕಿದ್ರ ಸಿಗೂದಿಲ್ಲ. ಒಂದೊಂದು ಕಡೆ ಬಿರುಕಿನ್ಯಾಗ ಹೆಪ್ಪುಗಟ್ಟಿದ ಕಲ್ಲು ಉದ್ದಕ ಗ್ವಾಡಿ ಇದ್ದಂಗ ಉಳದಿರ್ತದ. ಅದನ್ನ ತೋರಿಸಬಹುದು.

– ಹುಡುಗ್ರಿಗೆ ಆರು ಕೋಟಿ ಅಂದ್ರ ಲಾಟರಿ, ಮಾಮಾ.

– ಆರು ಕೋಟಿ ಬಿಡು. ರೊಟ್ಟಿ ಹೇಳು. ನಿಮ್ಮವ್ವ ಬುಟ್ಟ್ಯಾಗ ರೊಟ್ಟಿ ಒಂದರ ಮ್ಯಾಲ ಒಂದು ಒಟ್ಟತಾಳಲ್ಲ? ಒಂದು ರೊಟ್ಟಿ ಒಂದು ಲಾವಾ. ಒಂದು ಹರದು ಆರಿದ ಮ್ಯಾಲ ಭಾಳ ದಿನ ಸುಮ್ಮನಿತ್ತು, ಮಳಿ ಆಯ್ತು, ಮ್ಯಾಲಿನ ಕಲ್ಲು ಮಣ್ಣಾತು. ಮತ್ತ ಲಾವಾ ಬಂತು, ಆ ಮಣ್ಣು ಸುಟ್ಟು ಕೆಂಪಾತು. ಘಾಟಿನ್ಯಾಗ ರಸ್ತೆಕ್ಕ ಗುಡ್ಡ ಕಡದಲ್ಲಿ ಕರಿ ಕಲ್ಲಿನ ನಡುವ ಕೆಂಪು ಪಟ್ಟಿ ನೋಡೀದೇನು? ರೊಟ್ಟಿ ನಡುವ ಕೆಂಪು ಖಾರಪುಡಿ ಬಿದ್ದಂಗ ಕಾಣ್ತದ.

– ಕಾತ್ರಜ ಘಾಟಿನ ದಾರ್‍ಯಾಗ ನೋಡಿದ ನೆನಪದ. ಯಾರೋ ಇಟ್ಟಂಗಿ ಚೂರು ಸುರದಾರ ಅಂದ್ಕೊಂಡಿದ್ದೆ.

– ಅದೇ. ಈ ರೊಟ್ಟಿ ಒಟ್ಟಿದ್ದು ಸಣ್ಣ ಬುಟ್ಟಿ ಅಲ್ಲ. ಈಗ ಉಳದದ್ದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ನಮ್ಮ ವಿಜಯಪುರ, ಬೀದರ, ಕಲಬುರಗಿ, ಬೆಳಗಾವಿ ಎಲ್ಲಾ ಅದರ ದಕ್ಷಿಣದ ಅಂಚು. ಗೋಳಗುಮ್ಮಟದ ಕರಿ ಕಲ್ಲು ಅದೇ ಕಲ್ಲು. 1656 ರಾಗ ಕಟ್ಟಿ ನಿಲ್ಲಿಸಿದ ಕಟ್ಟಡ, ಆರು ಕೋಟಿ ವರ್ಷದ ಕಲ್ಲು. ಅಲ್ಲಿಂದ ದಕ್ಷಿಣಕ್ಕ ಬಾದಾಮಿಗೆ ಹೋಗು, ಕಲ್ಲು ಕೆಂಪಾತು, ಮರಳಗಲ್ಲಾತು. ಅಲ್ಲಿಗೆ ಲಾವಾ ಮುಗೀತು. ನಿನ್ನ ಹುಡುಗ್ರಿಗೆ ಹೇಳು: ಊರು ಬಿಟ್ಟು ಪುಣೆಕ್ಕ ಬಂದಾರ ಖರೆ, ಕಲ್ಲು ಬಿಟ್ಟು ಬಂದಿಲ್ಲ.

– ಇದು ಮೊದಲೇ ಗೊತ್ತಿದ್ರ ಅಲ್ಲೇ ಹೇಳ್ತಿದ್ದೆ. ಇಂಡಿ ಹುಡುಗ ಒಬ್ಬ ಗುಡ್ಡ ಹತ್ತಿದ ಕೂಡಲೆ ‘ಟೀಚರ್, ಇದು ಮಡ್ಡಿ’ ಅಂದ. ಮರಾಠಿ ಕಲ್ತ ಹುಡುಗ್ರು ‘ಮಡ್ಡಿ ಅಲ್ಲೋ, ಟೇಕಡಿ’ ಅಂದ್ರು. ಪುಸ್ತಕದಾಗ ‘ಬೆಟ್ಟ’ ಅದ. ನಮ್ಮ ಕಡೆ ಯಾರು ಬೆಟ್ಟ ಅಂತಾರ್‍ರಿ? ದೊಡ್ಡ ಜಗಳ. ನಾ ಬಿಡಿಸ್ಲಿಲ್ಲ, ಎಲ್ಲಾ ಶಬ್ದ ಬರಕೊಳ್ರಿ ಅಂದೆ. ಗುಡ್ಡ, ಮಡ್ಡಿ, ದಿನ್ನಿ, ದಿಬ್ಬ, ತಗ್ಗು, ಕೊಳ್ಳ, ಹಳ್ಳ, ಇಲ್ಲಿಯವ್ರ ಓಢಾ, ಖಿಂಡ. ಬೋರ್ಡ್ ಮ್ಯಾಲ ಹತ್ತು ಸಲ ಬರಸಿದ್ರೂ ಬಾರದ್ದು ಅಲ್ಲಿ ಹತ್ತು ನಿಮಿಷದಾಗ ಬಂತು.

– ಮಡ್ಡಿ ಅಂದವನ ಕಣ್ಣು ಚುರುಕು. ನಮ್ಮ ಕಡೆ ಮಡ್ಡಿ ಅಂದ್ರ ಬರೇ ಎತ್ತರ ಅಲ್ಲ. ಮಣ್ಣು ತೆಳ್ಳಗ, ಕಲ್ಲು ಮ್ಯಾಲೆದ್ದ, ಬಿತ್ತಿದ್ರ ಬೆಳಿ ಬಾರದ ಹೊಲ. ಒಂದೇ ಶಬ್ದದಾಗ ಎತ್ತರನೂ ಬಂತು, ಮಣ್ಣಿನ ಗುಣನೂ ಬಂತು. ನಮ್ಮ ಇಲಾಖೆ ನಕಾಶದಾಗ ಅಷ್ಟು ಹೇಳಬೇಕಾದ್ರ ಎರಡು ಬಣ್ಣ ಹಾಕತಿದ್ವಿ. ಬೋರ್‌ವೆಲ್ ಪಾಯಿಂಟ್ ತೋರಿಸಾಕ ಹೋದಾಗ ನಾ ಮೊದಲು ರೈತರ ಶಬ್ದ ಕೇಳತಿದ್ದೆ, ಆಮ್ಯಾಲ ಮಶೀನ್ ಇಳಸತಿದ್ದೆ.

– ಹುಡುಗ್ರಿಗೆ ನಾ ಹೇಳಬೇಕಂದಿದ್ದ ದೊಡ್ಡ ಮಾತು ಒಂದೇ ಇತ್ತು. ಅದನ್ನ ಹೇಳಿದೆನೋ ಇಲ್ಲೋ ಗೊತ್ತಿಲ್ಲ. ‘ಗುಡ್ಡ ಹೆಂಗ ಆಯ್ತು?’ ಅಂತ ಕೇಳಿದ್ರ ಎಲ್ಲಾರೂ ‘ನೆಲ ಮ್ಯಾಲ ಎದ್ದಿತು’ ಅಂದ್ರು. ಹಿಟ್ಟು ಉಬ್ಬಿದಂಗ. ನಾನೂ ಸಣ್ಣಾಕಿದ್ದಾಗ ಹಂಗೇ ತಿಳ್ಕೊಂಡಿದ್ದೆ.

– ಹಿಮಾಲಯಕ್ಕ ಆ ಮಾತು ನಡೀತದ. ಇಲ್ಲಿ ಅಲ್ಲ.

– ಹೌದಲ್ರಿ. ಹಿಂದಿನ ದಿನ ಸಾಲಿ ಅಂಗಳದಾಗ ಒಂದು ಆಟ ಮಾಡಿಸಿದ್ದೆ. ದೊಡ್ಡ ಪರಾತದಾಗ ಮಣ್ಣು ಒತ್ತಿ ಸಪಾಟು ಮಾಡಿದ್ವಿ. ಮ್ಯಾಲ ಅಲ್ಲಲ್ಲಿ ಹಂಚಿನ ಚೂರು ಇಟ್ವಿ. ಗಿಡಕ್ಕ ನೀರು ಹಾಕೂ ಝಾರಿಯಿಂದ ಮಳಿ ಸುರಿಸಿದ್ವಿ. ಹಂಚಿನ ಕೆಳಗಿನ ಮಣ್ಣು ನಿಂತು, ಸುತ್ತಲಿಂದು ಕೊಚ್ಚಿ ಹೋತು. ಪರಾತದಾಗ ಸಣ್ಣ ಸಣ್ಣ ಸ್ಟೂಲು ನಿಂತವು. ಗುಡ್ಡದ ಮ್ಯಾಲ ನಿಂತು ಕೇಳಿದೆ, ‘ನಿನ್ನೆ ಪರಾತ ನೆನಪದೇನು? ಈಗ ನೀವು ಹಂಚಿನ ಮ್ಯಾಲ ನಿಂತೀರಿ.’ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಅಫಜಲಪುರದವ ಕೇಳಿದ, ‘ಹಂಗಾರ ಕೊಚ್ಚಿ ಹೋಗಿದ್ದು ಎಲ್ಲಿ ಹೋತು?’

– ಭಲೇ! ಅದು ಪ್ರಶ್ನೆ. ಎಷ್ಟು ಕೊಚ್ಚಿ ಹೋತು ಅಂತ ಲೆಕ್ಕ ಹಾಕಿದ್ರೇನು? ಗುಡ್ಡದ ಮ್ಯಾಲಿಂದ ಸಿಂಹಗಡ ಕಾಣ್ತದಲ್ಲ?

– ಕಾಣ್ತದ. ಟೀವಿ ಟಾವರ್ ನೋಡಿ ಗುರ್ತು ಹಿಡದ್ರು. ಪರ್ವತಿನೂ ಕಾಣ್ತದ, ತಳಜಾಯಿನೂ ಕಾಣ್ತದ.

– ಸಿಂಹಗಡ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್. ವೇತಾಳ ಟೇಕಡಿ ಸುಮಾರು 800. ಪುಣೆ ಊರು 560. ಈ ಕಡೆ ಲಾವಾದ ಪದರು ಹೆಚ್ಚುಕಡಿಮಿ ಅಡ್ಡನೇ ಮಲಗ್ಯಾವ, ಭಾಳ ಓರೆ ಆಗಿಲ್ಲ. ಸಿಂಹಗಡದ ತಲ್ಯಾಗಿನ ಪದರು ಒಂದು ಕಾಲಕ್ಕ ಪುಣೆ ಮ್ಯಾಲೂ ಇತ್ತು ಅಂತ ಹಿಡಿ. ಹಂಗಾರ ಡೆಕ್ಕನ್ ಜಿಮಖಾನಾದಾಗ ನಿಂತು ಮ್ಯಾಲ ನೋಡಿದ್ರ 700 ಮೀಟರಿಗೂ ಹೆಚ್ಚು ಕಲ್ಲು ಇತ್ತು. ಈಗ ಅಲ್ಲಿ ಗಾಳಿ ಅದ. ಅಷ್ಟು ಕಲ್ಲು ಕಡದು ಹೊತ್ತು ಒಯ್ದದ್ದು ಮುಳಾ, ಮುಠಾ ಅನ್ನೂ ಎರಡು ಹೊಳಿ.

– ಆ ನಾರೂ ಮುಠಾ? ಜನಿವಾರದಂಗ ಹರೀತದ, ಮ್ಯಾಲ ಪ್ಲಾಸ್ಟಿಕ್ ತೇಲ್ತದ.

– ಆಕಿಗೆ ಈಗ ಖಡಕವಾಸ್ಲಾ, ಪಾನಶೇತ ಒಡ್ಡು ಕಟ್ಟಿ ಕೈ ಹಿಡದಾರ. 1961ರ ಜುಲೈ 12 ಕ್ಕ ಪಾನಶೇತ ಒಡದಾಗ ಒಂದೇ ದಿನದಾಗ ಏನು ಮಾಡಿದ್ಲು ಅಂತ ಇಲ್ಲಿಯ ಹಳೇ ಮಂದಿಗೆ ಕೇಳು. ಹೊಳಿಗೆ ಅವಸರ ಇಲ್ಲ, ಆದ್ರ ಕೈ ಬಿಡೂದಿಲ್ಲ.

– ಅಫಜಲಪುರದವನಿಗೆ ನಾ ಹೇಳಿದ್ದು ಹೀಂಗ: ‘ಮುಳಾ-ಮುಠಾ ಮುಂದ ಹೋಗಿ ಭೀಮಾಕ್ಕ ಕೂಡ್ತಾವ. ಭೀಮಾ ಪಂಢರಪುರ ದಾಟಿ ನಿಮ್ಮ ಊರ ಕಡೆ ಬರ್ತದ. ಈ ಗುಡ್ಡದ ಕಳದ ಮಣ್ಣು ನಿಮ್ಮ ಅಜ್ಜನ ಹೊಲದಾಗದ.’ ಹುಡುಗನ ಮಾರಿ ನೋಡಬೇಕಿತ್ತು ಮಾಮಾ. ‘ಹಂಗಾರ ಈ ಗುಡ್ಡ ಅರ್ಧ ನಮ್ಮದು’ ಅಂದ.

– ಅಂದದ್ದು ಛಂದ ಅದ. ಆದ್ರ ನೀ ಸ್ವಲ್ಪ ಜಾಸ್ತಿ ಹೇಳೀದಿ.

– ಸುಳ್ಳೇನ್ರಿ?

– ಸುಳ್ಳಲ್ಲ, ಅರ್ಧ. ನಮ್ಮ ಎರಿ ಮಣ್ಣು ಬಹಳಷ್ಟು ಅಲ್ಲೇ ಹುಟ್ಟಿದ್ದು. ಅಲ್ಲೇ ಕೆಳಗಿರೂ ಕರಿ ಕಲ್ಲು ಕಳತು ಎರಿ ಆಗ್ಯದ. ಪುಣೆಯಿಂದ ಯಾರೂ ಹೊತ್ತು ತಂದಿಲ್ಲ. ಹೊಳಿ ದಂಡಿ ಹೊಲ ಇದ್ರ, ಪ್ರವಾಹ ಏರಿ ಇಳಿದು ಮೆಕ್ಕಲು ಬಿಟ್ಟ ಹೊಲ ಇದ್ರ, ಅದರಾಗ ಮ್ಯಾಲಿನ ಗುಡ್ಡದ ಪಾಲು ಅದ. ಅದೂ 1980 ರ ನಂತರ ಉಜನಿ ಡ್ಯಾಮಿನ್ಯಾಗ ಭಾಳ ಹೂಳು ನಿಲ್ತದ. ಅವನ ಅಜ್ಜನ ಹೊಲ ಹೊಳಿ ದಂಡಿಗೆ ಅದನೋ ಒಳಗ ಅದನೋ ಕೇಳು ಮೊದಲು.

– ಸೋಮವಾರ ಕೇಳ್ತೀನಿ. ಒಳಗಿದ್ರ ಅವನಿಗೆ ಗುಡ್ಡ ಹೋತಲ್ಲ ಅಂತ ದುಃಖ ಆಗ್ತದ.

– ಆಗಲಿ ಬಿಡು. ‘ನಿಮ್ಮ ಹೊಲದಾಗೂ ಒಂದು ಗುಡ್ಡ ಇತ್ತು, ಅದು ನಿಂತಲ್ಲೇ ಮಣ್ಣಾತು’ ಅನ್ನು. ಅದು ಇನ್ನೂ ಛಲೋ ಸುದ್ದಿ. ತಾ ಇಲ್ಲಿ, ಆ ಗುಂಡಗಿನ ಕಲ್ಲು ಕೊಡು. ಇದನ್ನ ಯಾರು ತಂದ್ರು?

– ಅದು ಯಾದಗಿರಿ ಅವಳಿ-ಜವಳಿ. ಇಬ್ರೂ ಕೂಡಿ ಹೊತ್ತು ತಂದ್ರು. ಮ್ಯಾಲಿನ ಸಿಪ್ಪಿ ಕೈಯಾಗೇ ಉದುರ್ತದ ನೋಡ್ರಿ.

– ಉಳ್ಳಾಗಡ್ಡಿ! ನಾವು ಫೀಲ್ಡಿನ್ಯಾಗ ಇದಕ್ಕ ಅದೇ ಹೆಸರು ಇಟ್ಟಿದ್ವಿ. ಕಲ್ಲು ಆರೂ ಮುಂದ ಸೀಳ್ತದ, ಚೌಕ ಚೌಕ ಆಗ್ತದ. ಸೀಳಿನ್ಯಾಗ ನೀರು ಇಳೀತದ. ಮೂಲಿಗೆ ನೀರು ಎರಡು ಮೂರು ಕಡೆಯಿಂದ ಹತ್ತತದ, ಹಂಗಾಗಿ ಮೂಲಿ ಮೊದಲು ಕಳೀತದ. ಚೌಕ ಇದ್ದದ್ದು ಗುಂಡಾಗ್ತದ, ಪದರು ಪದರು ಸಿಪ್ಪಿ ಬಿಡ್ತದ. ಕಟ್ಟಕಡೆಗೆ ಗರಸು, ಇಲ್ಲಿಯವ್ರ ಮುರೂಮ. ಅದರ ಮುಂದ ಮಣ್ಣು. ಕಲ್ಲಿನಿಂದ ಹೊಲದವರೆಗಿನ ದಾರಿ ಈ ಒಂದು ಉಳ್ಳಾಗಡ್ಡ್ಯಾಗ ಅದ. ಪಾಠ ಮಾಡಾಕ ಇದೊಂದು ಸಾಕಿತ್ತು.

– ಮತ್ತ ಈ ಬಿಳಿ ಚುಕ್ಕಿದು? ಇದಕ್ಕ ಭಾಳ ಹೊಡದಾಡ್ಯಾರ. ‘ಸಕ್ಕರಿ ಕಲ್ಲು’ ಅಂತ ಹೆಸರಿಟ್ಟಾರ.

– ಲಾವಾದಾಗ ಗ್ಯಾಸಿನ ಗುಳ್ಳಿ ಇರ್ತಾವ, ಇಡ್ಲಿಯೊಳಗ ಇದ್ದಂಗ. ಆರಿದ ಮ್ಯಾಲ ಆ ತೂತಿನ್ಯಾಗ ನೀರು ಇಳದು ಖನಿಜ ಬಿಟ್ಟು ಹೋಗ್ತದ. ಜಿಯೋಲೈಟ್ ಅಂತೀವಿ. ಪುಣೆ ಸುತ್ತಿನ ಈ ಹರಳಿಗೆ ಜಗತ್ತಿನ ಮ್ಯೂಸಿಯಂದಾಗ ಮರ್ಯಾದಿ ಅದ. ವಾಘೋಲಿ ಖಣ್ಯಾಗ ಸಿಕ್ಕ ನೀಲಿ ಕ್ಯಾವನ್ಸೈಟ್ ಅಂತೂ ನವಿಲಿನ ಕೊರಳಿನ ಬಣ್ಣ. ಖಡಿ ಒಡೆಯಾಕ ತೋಡಿದ ಖಣಿ ಅದು, ಹರಳಿಗಂತ ಯಾರೂ ತೋಡಿದ್ದಲ್ಲ. ಇನ್ನೊಂದು: ನಾ ಸರ್ವಿಸ್ ತುಂಬ ಬದುಕಿದ್ದು ಈ ಗುಳ್ಳಿ ಮ್ಯಾಲೇ. ಗುಳ್ಳಿ-ಸೀಳು ಇದ್ದ ಪದರದಾಗ ನೀರು ಸಿಗ್ತದ, ಗಟ್ಟಿ ಕಲ್ಲಿನ್ಯಾಗ ಬರೇ ಧೂಳು ಹಾರ್ತದ. ಗುಡ್ಡದ ಅರ್ಧಕ್ಕ ಎಲ್ಯರೆ ಹಸಿ ಕಂಡಿತೇನು?

– ಕಂಡಿತ್ರಿ! ಮಳಿ ನಿಂತು ತಿಂಗಳಾಗಿತ್ತು, ಹುಲ್ಲೆಲ್ಲ ಒಣಗಿತ್ತು. ಒಂದು ಕಡೆ ಮಾತ್ರ ಕಲ್ಲಿನ ಸಂದ್ಯಾಗ ಹಸಿರು ಇತ್ತು, ನೆಲ ಒದ್ದಿ. ಯಾರೋ ನೀರು ಚೆಲ್ಲ್ಯಾರ ಅಂತ ಮುಂದ ನಡದ್ವಿ.

– ಛೇ. ಎರಡು ರೊಟ್ಟಿ ನಡುವಿನ ಸಂದಿ ಅದು. ಮ್ಯಾಲಿನ ಮಳಿ ಒಳಗಿಳದು, ಗಟ್ಟಿ ಪದರು ಅಡ್ಡ ಬಂದ ಕೂಡಲೆ ಮಗ್ಗಲಿಗೆ ಹೊರಗ ಬಂದದ. ಬಾಯಿ ಹುಡುಕ್ತಿದ್ದವ್ರಿಗೆ ಇದನ್ನ ತೋರಿಸಬೇಕಿತ್ತು.

– ಮುಂದಿನ ಸಲ ನೀವೇ ಬರ್ರಿ. ನನಗ ಈಗ ತಲಿನೋವು ಬ್ಯಾರೆನೇ ಅದ. ಈ ಹಾಳ್ಯಾಗ ಎರಡು ಕಾಲಂ ಅವ: ‘ನೈಸರ್ಗಿಕ ಭೂರೂಪ’, ‘ಮಾನವ ನಿರ್ಮಿತ’. ಗುಡ್ಡ ಎಡಕ್ಕ, ಹಳ್ಳ ಎಡಕ್ಕ, ಗುಡಿ ಬಲಕ್ಕ, ಎಆರ್‌ಎಐ ಅನ್ನೂ ಗಾಡಿ ಸಂಶೋಧನಾ ಸಂಸ್ಥೆ ಕಟ್ಟಡ ಬಲಕ್ಕ. ಸಲೀಸು ಅಂದ್ಕೊಂಡೆ. ಆಮ್ಯಾಲ ಖಣಿ ಬಂತು.

– ಮ್ಯಾಲ ಇರೂ ಹಳೇ ಕಲ್ಲಿನ ಖಣಿ?

– ಅದೇ. ಈಗ ಯಾರೂ ಕಲ್ಲು ಒಡೆಯೂದಿಲ್ಲ. ಮಳಿ ನೀರು ನಿಂತು ಕೆರಿ ಆಗ್ಯದ. ನವಿಲು ನೀರಿಗೆ ಬರ್ತಾವ. ನಾ ಹಗ್ಗ ಹಿಡದು ಹುಡುಗ್ರನ್ನ ದೂರೇ ನಿಲ್ಲಿಸಿದ್ದೆ, ದಂಡಿ ಕಡಿದಾಗ್ಯದ. ಏಳು ಮಂದಿ ಅದನ್ನ ಎಡಕ್ಕ ಬರದಾರ, ‘ಸರೋವರ’ ಅಂತ. ಹನ್ನೊಂದು ಮಂದಿ ಬಲಕ್ಕ. ನಾಲ್ಕು ಮಂದಿ ಬಿಟ್ಟೇ ಬಿಟ್ಟಾರ. ಒಬ್ಬಾಕಿ ನೋಡ್ರಿ ಏನು ಮಾಡ್ಯಾಳ. ಎರಡೂ ಕಾಲಮ್ಮಿನ ನಡುವಿನ ಗೆರಿ ಮ್ಯಾಲೇ ಕೆರಿ ಬರದು, ಕೆಳಗ ಬರದಾಳ: ‘ಗ್ವಾಡಿ ಮಂದಿದು. ನೀರು ಮಳಿದು. ಕಲ್ಲು ಮೊದಲಿಂದ ಇತ್ತು.’

– ಜ್ವಾಲಾಮುಖಿ ಬಾಯಿ ಕೇಳಿದಾಕಿನೇ?

– ಆಕಿನೇ. ಆಕಿ ಅಜ್ಜ ಇಲ್ಲಿಗೆ ಬಂದ ಹೊಸತಾಗಿ ಕಲ್ಲು ಒಡೀತಿದ್ನಂತ. ಈ ಖಣಿನೋ ಬ್ಯಾರೆ ಖಣಿನೋ ಆಕಿಗೆ ಗೊತ್ತಿಲ್ಲ. ‘ಸುತ್ತಿಗಿ ಇನ್ನೂ ಮನ್ಯಾಗ ಅದ ಟೀಚರ್, ಬಾಗಲಾ ಗಾಳಿಗೆ ಬಡೀಬಾರದು ಅಂತ ಅಡ್ಡ ಇಡ್ತೀವಿ’ ಅಂದಳು.

– ಮತ್ತ ನಿನಗ್ಯಾಕ ತಲಿನೋವು? ಸರಿ ಉತ್ತರ ಆಕಿದೇ.

– ಉತ್ತರ ಸರಿ, ಕಾಲಂ ಎರಡೇ ಅವ ಅಲ್ರಿ. ನಮೂನೆ ಹಾಳಿ ಮ್ಯಾಲಿಂದ ಬಂದದ್ದು. ನೋಡಾಕ ಬಂದವ್ರು ‘ಇದು ಎಡಕ್ಕೋ ಬಲಕ್ಕೋ’ ಅಂತಾರ.

– ಹಂಗಾರ ನಾಳೆ ಅವ್ರನ್ನ ಜಂಗ್ಲಿ ಮಹಾರಾಜ ರಸ್ತೆಕ್ಕ ಕರ್ಕೊಂಡು ಹೋಗು. ಪಾತಾಳೇಶ್ವರ ಅದಲ್ಲ? ರಸ್ತೆಕಿಂತ ಕೆಳಗ, ಇದೇ ಕರಿ ಕಲ್ಲು ಕೊರದು ಮಾಡಿದ ಗುಡಿ. 8 ನೇ ಶತಮಾನ, ರಾಷ್ಟ್ರಕೂಟರ ಕಾಲ. ಮುಂದ ನಮ್ಮ ಮಳಖೇಡದಾಗ ರಾಜಧಾನಿ ಮಾಡಿದ್ರಲ್ಲ, ಅದೇ ಮನೆತನ. ಈ ಊರ ಹೆಸರಿನ ಹಳೇ ಗುರ್ತು ಸಿಗೂದೂ ಅವ್ರ ತಾಮ್ರಪಟದಾಗೇ, 758 ಮತ್ತು 768 ರ ಶಾಸನದಾಗ. ಅಂಗಳದಾಗ ದುಂಡನ್ನ ನಂದಿ ಮಂಟಪ ಅದ, ಛತ್ರಿ ಹಂಗ. ಅದನ್ನ ಕಟ್ಟಿಲ್ಲ, ಸುತ್ತಲಿನ ಕಲ್ಲು ತಗದು ಉಳಿಸ್ಯಾರ. ನಿನ್ನ ಪರಾತದ ಸ್ಟೂಲ್ ಹಂಗ. ಹೊಳಿ ಗುಡ್ಡ ಉಳಸೂ ರೀತಿ, ರಾಷ್ಟ್ರಕೂಟರ ಶಿಲ್ಪಿ ಮಂಟಪ ಉಳಿಸಿದ ರೀತಿ, ಎರಡೂ ಒಂದೇ. ಬ್ಯಾಡಾದ್ದು ತಗಿ. ಕೆಲಸ ಪೂರ್ತಿ ಆಗಿಲ್ಲ, ನಡುವ ಬಿಟ್ಟಾರ.

– ಹಂಗಾರ ಖಣಿನೂ ಗುಡಿನೂ ಒಂದೇ ಅಂತೀರೇನು? ಒಪ್ಪೂದಿಲ್ಲ ನಾ. ಶಿಲ್ಪಿ ಉಳಿಯಿಂದ ಕಡದ. ಇವ್ರು ಡೈನಾಮೈಟ್ ಇಟ್ರು. ಅವ ಗುಡಿ ಬಿಟ್ಟು ಹೋದ, ಇವ್ರು ತೆಗ್ಗು ಬಿಟ್ಟು ಹೋದ್ರು.

– ಒಂದೇ ಅನ್ನಲಿಲ್ಲ. ಕೆಲಸ ಒಂದೇ ಅಂದೆ. ವೇಗ ಬ್ಯಾರೆ, ಮನಸ್ಸು ಬ್ಯಾರೆ. ನೀ ಗುಡ್ಡದ ಪರ ಮಾತಾಡೂ ಮುಂದ ಆಕಿ ಅಜ್ಜನ್ನ ಕಳ್ಳನ್ನ ಮಾಡಬಾರದು, ಅಷ್ಟ. ಅವ ಒಡದ ಕಲ್ಲು ಯಾರ ಮನಿ ಬುಡದಾಗ ಅದ? ಈ ಫ್ಲ್ಯಾಟಿಗೆ ಕಲ್ಲು ಎಲ್ಲಿಂದ ಬಂತು?

– ಗೊತ್ತಿಲ್ಲ. ಬಾಡಿಗಿ ಮನಿ.

– ಬಾಡಿಗಿ ಮನೀಗೂ ಬುನಾದಿ ಇರ್ತದವಾ.

– ಅದು ಖರೆ. ಆದ್ರ ಈಗಿನ ಸುದ್ದಿ ಕೇಳ್ರಿ. ಬಾಲಭಾರತಿಯಿಂದ ಪೌಡ್ ಫಾಟಾಕ್ಕ ಗುಡ್ಡದ ಮಗ್ಗಲಿಂದ ರಸ್ತೆ ತಗೀಬೇಕು ಅಂತ ಅದ. ವರ್ಷಗಟ್ಟಲೆ ತಕರಾರು ನಡದದ. 2023 ರಾಗ ‘ಟೇಕಡಿ ಉಳಿಸ್ರಿ’ ಅಂತ ಮಂದಿ ಮೆರವಣಿಗಿ ತಗದ್ರು. ವಾಹನದ ಗದ್ದಲ ಕಡಿಮಿ ಆಗ್ತದ ಅಂತ ಒಬ್ರು, ಗುಡ್ಡದ ಒಳಗಿನ ನೀರಿನ ದಾರಿ ಕೆಡ್ತದ ಅಂತ ಒಬ್ರು. ನಮ್ಮ ಹುಡುಗ್ರ ಅಪ್ಪಂದಿರು ಯಾವ ಕಡೆ ಗೊತ್ತೇನು? ರಸ್ತೆ ಆದ್ರ ಅವ್ರಿಗೆ ಎರಡು ವರ್ಷದ ಕೆಲಸ.

– ಇದನ್ನ ಹುಡುಗ್ರಿಗೆ ಹೇಳಿದೇನು?

– ಇಲ್ರಿ. ಒಂಬತ್ತು ವರ್ಷದ ಹುಡುಗ್ರಿಗೆ ಯಾಕ? ಹೇಳಲಿಲ್ಲ. ಅವೇ ಹೇಳಿದವು. ‘ಟೀಚರ್, ಇಲ್ಲಿ ರಸ್ತೆ ಆಗ್ತದಂತ, ನಮ್ಮಪ್ಪ ಅಂದ.’ ಒಬ್ಬ ‘ಛಲೋ ಆಗ್ತದ’ ಅಂದ, ಒಬ್ಬಾಕಿ ‘ನವಿಲು ಎಲ್ಲಿ ಹೋಗ್ತಾವ’ ಅಂದಳು. ನಾ ಪೇರಲಹಣ್ಣು ಹಂಚಿದೆ. ಮಾಸ್ತರಕಿ ಮಾಡೋರಿಗೆ ಇದೊಂದು ಉಪಾಯ ಗೊತ್ತಿರ್ತದ, ಮಾತು ಬಿಸಿ ಆದ್ರ ತಿನಸು ತಗೀಬೇಕು.

– ಹುಷಾರಿ. ಪುಕ್ಕಲುತನನೂ ಹೌದು.

– ಎರಡೂ ಹೌದು. ಬರ್ರಿ, ಊಟ ಮಾಡೂಣು, ರೊಟ್ಟಿ ಆರತಾವ. ಆಮ್ಯಾಲ ಈ ಕಲ್ಲಿಂದು ಒಂದು ಕೆಲಸ ಅದ. ಇಷ್ಟೂ ವಾಪಸ್ ಗುಡ್ಡಕ್ಕ ಒಯ್ದು ಇಡಬೇಕು ಅಂತ ನನ್ನ ವಿಚಾರ. ಮುಂದಿನ ವರ್ಷದ ಹುಡುಗ್ರೂ 41 ತಂದ್ರು, ಅದರ ಮುಂದಿನವ್ರೂ ತಂದ್ರು ಅಂದ್ರ, ನಾನೂ ಒಂದು ಸಣ್ಣ ಖಣಿ ತಗದಂಗ ಆತಲ್ಲ.

– ಒಯ್ಯೂಣು. ಬೆಳಗ್ಗೆ ನನಗ ಹೆಂಗೂ ವಾಕಿಂಗ್ ಬೇಕು. ಯಾವುದು ಎಲ್ಲಿಂದು ಅಂತ ನಾ ಹೇಳ್ತೀನಿ. ಉಳ್ಳಾಗಡ್ಡಿ ಮಗ್ಗಲಿಂದು, ದಾರಿ ಕಡದಲ್ಲಿ ಸಿಕ್ಕದ್ದು. ಗುಳ್ಳಿ ಇದ್ದದ್ದು ಪದರದ ಮ್ಯಾಲಿನ ಭಾಗ. ಇದು ಗಟ್ಟಿ, ಖಣಿ ದಂಡಿದು ಇರಬೇಕು, ನೀ ಹಗ್ಗ ಹಿಡದ್ರೂ ಯಾವನೋ ನುಸಳ್ಯಾನ. ಇದು ಯಾರದು? ಹಗುರ ಅದ.

– ಆ ಹಾಳ್ಯಾಗ ಸುತ್ತಿದ್ದು? ಅದಕ್ಕ ಒಬ್ಬ ಹುಡುಗ ‘ಅಪರೂಪದ ಕಲ್ಲು’ ಅಂತ ಬರದಾನ. ಬೂದಿ ಬಣ್ಣ, ನಡುನಡುವ ಕರಿ ಚುಕ್ಕಿ. ನೈಸರ್ಗಿಕ ಕಾಲಮ್ಮಿನ್ಯಾಗ ಇಟ್ಟಾನ.

– ಹಹ್ಹಾ! ಇದು ಕಾಂಕ್ರೀಟ್ ಅವಾ. ಯಾವುದೋ ಹಳೇ ಕಟ್ಟಿದು ಮುರದ ತುಂಡು, ಮಳ್ಯಾಗ ಮೂಲಿ ತೇಯ್ದು ದುಂಡಾಗ್ಯದ.

– ಅಯ್ಯೋ. ಹಂಗಾರ ತಪ್ಪು ಹಾಕಬೇಕು.

– ನಿಂದ್ರು, ಪೆನ್ನು ಕೆಳಗಿಡು. ಚಷ್ಮಾ ಕೊಡು. ಈ ಕರಿ ಚುಕ್ಕಿ ನೋಡು, ಸಿಮೆಂಟಿನ್ಯಾಗ ಹಾಕಿದ ಖಡಿ. ಗುಳ್ಳಿ ಕಾಣ್ತಾವೇನು? ಅದರಾಗ ನಿನ್ನ ಸಕ್ಕರಿನೂ ಅದ.

– ಹೌದಲ್ರಿ... ಇದನ್ನೂ ಒಯ್ಯೂದೇನು ಗುಡ್ಡಕ್ಕ?

– ಒಯ್ದ್ರ ಎಲ್ಲಿ ಇಡ್ತಿ?

– ಅದೇ ಗೊತ್ತಾಗವಲ್ದು. ಸದ್ಯ ಉಪ್ಪಿನಕಾಯಿ ಭರಣಿ ಹಿಂದ ಇಡ್ರಿ, ತಾಟಿಗೆ ಜಾಗಾ ಆಗ್ತದ.